ಎಥೆನಾಲ್ ಕುಡಿಯುವ ವೇಗದ ಕಾರು: ಇಂಧನ ವ್ಯವಸ್ಥೆಯಲ್ಲಿ ಏನೇನು ಬದಲಾಗಬೇಕು?

ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಮಣ್ಣೂರ ಭೀಮಾ ದಂಡೆಯ ಊರು. ಈ ಸೀಮೆಯಲ್ಲಿ ಎಥೆನಾಲ್ ಸುದ್ದಿ ಬಂದರೆ ಮೊದಲು ನೆನಪಾಗುವುದು ಕಬ್ಬಿನ ಬಿಲ್ಲು, ಕಾರಲ್ಲ. ತಾಲ್ಲೂಕಿನ ಹವಳಗಾ, ಚಿಣಮಗೇರಾಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಪಕ್ಕದ ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಇನ್ನೊಂದಿದೆ.

ಕಬ್ಬಿನ ಹಾಲಿನಿಂದ ಬಂಕಿನವರೆಗೆ

ಕಬ್ಬಿನ ಹಾಲನ್ನೇ ಹುದುಗಿಸಿ ಎಥೆನಾಲ್ ತೆಗೆಯಬಹುದು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದಲೂ ಆಗುತ್ತದೆ. ಬಟ್ಟಿ ಇಳಿಸಿದರೂ ಅದರಲ್ಲಿ ಸುಮಾರು ಶೇ 5ರಷ್ಟು ನೀರು ಉಳಿದಿರುತ್ತದೆ. ಪೆಟ್ರೋಲಿಗೆ ಬೆರೆಸಲು ಅದನ್ನೂ ತೆಗೆದು ಶೇ 99.5ರ ಶುದ್ಧತೆಗೆ ತರಬೇಕು. ಶೇ 20 ಎಥೆನಾಲ್ ಇರುವ ಇ20 ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 84 ಬಂಕ್‌ಗಳೊಂದಿಗೆ. ಈಗ ಅದೇ ಮಾಮೂಲಿ ಪೆಟ್ರೋಲ್. ವೇಗದ ಹುಚ್ಚಿನವರ ಕಣ್ಣು ಮಾತ್ರ ಇ85ರ ಮೇಲೆ.

ಶಕ್ತಿ ಕಡಿಮೆ, ಬಲ ಹೆಚ್ಚು

ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿಯಿದ್ದರೆ ಎಥೆನಾಲ್‌ನಲ್ಲಿ 21 ಮಾತ್ರ. ಆದರೂ ರೇಸಿನವರು ಅದಕ್ಕೆ ಮುಗಿಬೀಳಲು ಕಾರಣ ಆಕ್ಟೇನ್: ಹಳೆಯ ಸಾದಾ ಪೆಟ್ರೋಲಿನದು 91, ಎಥೆನಾಲಿನದು 108ರ ಆಸುಪಾಸು. ಜೊತೆಗೆ ಆವಿಯಾಗುವಾಗ ಅದು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರಿ ಸಿಲಿಂಡರಿನ ಗಾಳಿಯನ್ನು ತಣ್ಣಗಾಗಿಸುತ್ತದೆ. ಇವೆರಡರಿಂದ ನಾಕಿಂಗ್ (ಇಂಧನ ತಾನಾಗಿಯೇ ಸಿಡಿಯುವ) ಕಾಟ ದೂರವಾದಷ್ಟೂ ಟರ್ಬೊ ಒತ್ತಡ ಏರಿಸಬಹುದು, ಕಿಡಿಯನ್ನು ಮುಂಚಿತವಾಗಿ ಹಾರಿಸಬಹುದು. ಸ್ವೀಡನ್ನಿನ ಕೋನಿಗ್‌ಸೆಗ್ ಕಂಪನಿಯ ಸಿಸಿಎಕ್ಸ್ ಕಾರಿಗೆ ಪೆಟ್ರೋಲಿನಲ್ಲಿ 806 ಅಶ್ವಶಕ್ತಿ. 2007ರಲ್ಲಿ ಬಂದ ಅದರ ಇ85 ಅವತಾರ ಸಿಸಿಎಕ್ಸ್‌ಆರ್‌ಗೆ 1,018. ಆದರೆ ಟರ್ಬೊ ಇಲ್ಲದ, ಏನೂ ಬದಲಿಸದ ಸಾದಾ ಎಂಜಿನ್‌ಗೆ ಇದರಿಂದ ದಕ್ಕುವುದು ಬಹುಪಾಲು ಮೈಲೇಜ್ ನಷ್ಟವೇ.

ಪಂಪು, ಇಂಜೆಕ್ಟರುಗಳ ಲೆಕ್ಕ

ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು. ಎಥೆನಾಲ್‌ಗೆ 9 ಕಿಲೋ ಸಾಕು. ಒಳಬರುವ ಗಾಳಿ ಅಷ್ಟೇ ಇದ್ದರೂ ಇಂಧನವನ್ನು ಹೆಚ್ಚು ಸುರಿಯಬೇಕು: ಇ85 ಆದರೆ ಲೀಟರ್ ಲೆಕ್ಕದಲ್ಲಿ ಶೇ 40ರಷ್ಟು.

200 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್ ತೆಗೆದುಕೊಳ್ಳೋಣ. ಪೆಟ್ರೋಲಿಗೆ ನಿಮಿಷಕ್ಕೆ ಸುಮಾರು 400 ಸಿಸಿ ಹರಿಸುವ ಇಂಜೆಕ್ಟರ್ ಸಾಕು, ಇ85ಕ್ಕೆ 560 ಬೇಕು. ಇಂಜೆಕ್ಟರ್ ಶೇ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಎಂದು ಹಿಡಿದರೂ ನಾಲ್ಕೂ ಸೇರಿ ಗಂಟೆಗೆ 107 ಲೀಟರ್ ಬೇಡುತ್ತವೆ. ಪಂಪಿನ ಡಬ್ಬಿ ಮೇಲಿನ ಸಂಖ್ಯೆ ನೋಡಿ ನಿಶ್ಚಿಂತರಾಗುವಂತಿಲ್ಲ. ಒತ್ತಡ ಏರಿದಂತೆ ಹರಿವು ಇಳಿಯುತ್ತದೆ. ಕಂಪನಿ ಹಾಕಿದ ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದರೆ ಇನ್ನಷ್ಟು ಇಳಿಯುತ್ತದೆ. ಹಾಗಾಗಿ ಬಲ್ಲ ಮೆಕ್ಯಾನಿಕ್ ಪಂಪಿನ ಜೊತೆಗೇ ರಿಲೇ ಹಾಕಿ ಬ್ಯಾಟರಿಯಿಂದ ದಪ್ಪ ವೈರ್ ಎಳೆಯುತ್ತಾನೆ. ಹೈ ಆರ್‌ಪಿಎಂನಲ್ಲಿ ಇಂಧನ ಸಾಲದೆ ಎಂಜಿನ್ ಲೀನ್ ಆದರೆ ಪಿಸ್ಟನ್ ಕರಗುವುದಕ್ಕೆ ಹೆಚ್ಚು ಹೊತ್ತು ಬೇಡ.

ಪೋಲೊ ಜಿಟಿ ಟಿಎಸ್‌ಐನಂಥ ನೇರ ಇಂಜೆಕ್ಷನ್ ಕಾರುಗಳಲ್ಲಿ ಕೆಲಸ ಇನ್ನೂ ಕಷ್ಟ. ಅಲ್ಲಿ ಕ್ಯಾಮ್ ಓಡಿಸುವ ಹೈ ಪ್ರೆಷರ್ ಪಂಪೇ ಮಿತಿ. ಅದನ್ನು ಮುಟ್ಟದವರು ಇ30ರ ಸುತ್ತಮುತ್ತಲೇ ನಿಲ್ಲುವುದು ಜಾಣತನ.

ರಬ್ಬರ್, ಕೊಳೆ, ನೀರು

ಹಳೆಯ ರಬ್ಬರ್ ಪೈಪು ಎಥೆನಾಲ್‌ಗೆ ಉಬ್ಬಿ ಬಿರುಕು ಬಿಡುತ್ತದೆ. ಒಳಗೆ ಟೆಫ್ಲಾನ್ ಪದರವಿರುವ ಪೈಪು, ವಿಟಾನ್ ಓ-ರಿಂಗ್ ಬೇಕು. ಟ್ಯಾಂಕಿನಲ್ಲಿ ವರ್ಷಗಟ್ಟಲೆ ಅಂಟಿದ ಕೊಳೆಯನ್ನೂ ಎಥೆನಾಲ್ ಕಿತ್ತು ತರುವುದರಿಂದ ಆರಂಭದಲ್ಲಿ ಫಿಲ್ಟರ್ ಬೇಗ ಕಟ್ಟುತ್ತದೆ. ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಇ20ಯಲ್ಲಿ ನೀರು ಮಿತಿ ಮೀರಿದರೆ ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನೊಡನೆ ತಳಕ್ಕಿಳಿಯುತ್ತದೆ. ಪಂಪು ಎಳೆಯುವುದು ತಳದಿಂದಲೇ.

ಇದೇ ಗುಣದಿಂದ ಇಂಧನದಲ್ಲಿ ಎಥೆನಾಲ್ ಎಷ್ಟಿದೆ ಎಂಬ ಪರೀಕ್ಷೆಯೂ ಸಾಧ್ಯ. ಬಯಲಲ್ಲಿ, ಬೆಂಕಿಯಿಂದ ದೂರ, ಅಳತೆಯ ಗಾಜಿನ ನಳಿಗೆಯಲ್ಲಿ 10 ಮಿ.ಲೀ. ನೀರಿಗೆ 90 ಮಿ.ಲೀ. ಇಂಧನ ಹಾಕಿ ಕುಲುಕಿ ಬಿಡಬೇಕು. ತಳದ ಪದರ 28ಕ್ಕೆ ಏರಿದರೆ ನೀರಿಗಿಳಿದದ್ದು 18 ಮಿ.ಲೀ., ಅಂದರೆ ಇ20.

ಸೆನ್ಸರ್ ಮತ್ತು ಮ್ಯಾಪ್

ಬಂಕಿನಿಂದ ಬಂಕಿಗೆ ಮಿಶ್ರಣ ಬದಲಾಗುವ ಕಡೆ ಇಂಧನದ ಪೈಪಿನಲ್ಲಿ ಫ್ಲೆಕ್ಸ್ ಸೆನ್ಸರ್ ಕೂರಿಸುತ್ತಾರೆ. ಸಾಮಾನ್ಯ ಬಳಕೆಯ ಸೆನ್ಸರ್ ಎಥೆನಾಲ್ ಇಲ್ಲದಿದ್ದರೆ 50 ಹರ್ಟ್ಸ್, ಪೂರ್ತಿ ಎಥೆನಾಲ್ ಇದ್ದರೆ 150 ಹರ್ಟ್ಸ್ ಸಂಕೇತ ಕೊಡುತ್ತದೆ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಅದನ್ನು ನೋಡಿ ಇಂಧನವನ್ನೂ ಕಿಡಿಯ ಸಮಯವನ್ನೂ ಹೊಂದಿಸಬೇಕು. ಅದಕ್ಕೆ ತಕ್ಕ ಮ್ಯಾಪ್ (ಹೊಂದಾಣಿಕೆಯ ಕೋಷ್ಟಕ) ಬರೆಯದೆ ಸೆನ್ಸರ್ ಹಾಕಿ ಉಪಯೋಗವಿಲ್ಲ. ಚಳಿಯಲ್ಲಿ ಎಥೆನಾಲ್ ಸುಲಭವಾಗಿ ಆವಿಯಾಗದು. ಬ್ರೆಜಿಲ್‌ನ ಕಾರುಗಳಲ್ಲಿ ಸ್ಟಾರ್ಟ್ ಮಾಡಲೆಂದೇ ಪುಟ್ಟ ಪೆಟ್ರೋಲ್ ಟ್ಯಾಂಕ್ ಇರುತ್ತಿತ್ತು. ಕಲಬುರಗಿಯ ಬಿಸಿಲಿಗೆ ಆ ಚಿಂತೆ ಡಿಸೆಂಬರಿನ ನಸುಕಿಗಷ್ಟೇ ಸೀಮಿತ.

ಕಾನೂನು ಮತ್ತು ಬಂಕು

ವಾಹನದ ಮೂಲ ಸ್ವರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಡಿವಾಣ ಹಾಕುತ್ತದೆ. ಆರ್‌ಟಿಒ ಗಮನಕ್ಕೆ ತರದೆ ಕೈ ಹಾಕಿದರೆ ವಿಮೆಗೂ ತೊಡಕು. ಕಂಪನಿಯೇ ಸಿದ್ಧಪಡಿಸಿದ್ದು ಬೇಕೆನ್ನುವವರಿಗೆ ಹೊಸೂರಿನ ಟಿವಿಎಸ್ 2019ರ ಜುಲೈನಲ್ಲೇ ಎಥೆನಾಲ್ ಅಪಾಚೆ ಬೈಕ್ ತಂದಿತ್ತು, ಆಗ ತುಂಬಿಸಲು ಬಂಕಿರಲಿಲ್ಲ. 2024ರ ಮಾರ್ಚ್‌ನಲ್ಲಿ ಇಂಡಿಯನ್ ಆಯಿಲ್ ಕರ್ನಾಟಕವೂ ಸೇರಿ ಐದು ಕಡೆಯ 183 ಬಂಕ್‌ಗಳಲ್ಲಿ ‘ಎಥೆನಾಲ್ 100’ ಮಾರತೊಡಗಿತು. ಹೆಸರು ನೂರಾದರೂ ಅದರಲ್ಲಿರುವ ಎಥೆನಾಲ್ ಶೇ 93ರ ಆಸುಪಾಸು. ಉಳಿದದ್ದು ಪೆಟ್ರೋಲ್ ಮತ್ತು ಸಹದ್ರಾವಕ. ಇ85 ಲೆಕ್ಕದಲ್ಲಿ 560 ಸಿಸಿ ಇಂಜೆಕ್ಟರ್ ಹಾಕಿಸಿದವರಿಗೆ ಇಲ್ಲಿ ಅದು ಸಾಲದು, 600ರ ಹತ್ತಿರ ಬೇಕು.