ಚಿಲಿಯ ವಿಯೊಲೆಟಾ ಪಾರ್ರ – ಒಂದು ಹಾಡಿನ ಮನೆತನದ ಕಥೆ

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ ದಕ್ಷಿಣ ಅಮೆರಿಕಕ್ಕೆ ಮೀಸಲಾಗಿದ್ದುದು ಮೂರೋ ನಾಲ್ಕೋ ಪೀರಿಯಡ್ಡುಗಳು. ಅದರಲ್ಲಿ ಚಿಲಿ ದೇಶದ ಪಾಲಿಗೆ ಬರುತ್ತಿದ್ದುದು ಹತ್ತು ನಿಮಿಷ. ಆಂಡೀಸ್ ಪರ್ವತಕ್ಕೂ ಪೆಸಿಫಿಕ್ ಸಾಗರಕ್ಕೂ ನಡುವೆ ಹಗ್ಗದಂತೆ ಚಾಚಿದ ನಾಡು, ಉತ್ತರಕ್ಕೆ ಅಟಕಾಮ ಮರುಭೂಮಿ, ಅಲ್ಲಿ ತಾಮ್ರ ಮತ್ತು ನೈಟ್ರೇಟ್. ಇಷ್ಟನ್ನು ಕಪ್ಪು ಹಲಗೆಯ ಮೇಲೆ ಗುರುತಿಸಿದರೆ ಪಾಠ ಮುಗಿಯಿತು. ಆ ನಾಡಿನಲ್ಲಿ ಮನುಷ್ಯರೂ ಇದ್ದಾರೆ, ಅವರು ಹಾಡುತ್ತಾರೆ, ಹಾಡಿದ್ದಕ್ಕಾಗಿ ಸೆರೆಮನೆಗೆ ಹೋಗಿದ್ದಾರೆ ಎಂಬುದು ಪಠ್ಯಪುಸ್ತಕದಲ್ಲಿ ಇರಲಿಲ್ಲ, ನನಗೂ ತಿಳಿದಿರಲಿಲ್ಲ.

ನಿವೃತ್ತನಾದ ಮೇಲೆ ಒಂದು ಸಂಜೆ ಮಗಳು ಕಂಪ್ಯೂಟರಿನಲ್ಲಿ ಒಂದು ಸ್ಪ್ಯಾನಿಷ್ ಹಾಡನ್ನು ಕೇಳಿಸಿದಳು. ಭಾಷೆ ತಿಳಿಯದು. ಕಂಠವೂ ಮಧುರವಾದದ್ದೆಂದು ಹೇಳಲಾರೆ. ಹಳ್ಳಿಯ ಹೆಂಗಸೊಬ್ಬಳು ಕೆಲಸದ ನಡುವೆ ಹಾಡಿಕೊಂಡಂತೆ, ಅಲಂಕಾರವಿಲ್ಲದ ಒರಟು ದನಿ. ಹಾಡಿನ ಹೆಸರು ‘ಗ್ರಾಸಿಯಾಸ್ ಆ ಲಾ ವಿದಾ’, ಅಂದರೆ ಬದುಕಿಗೆ ಕೃತಜ್ಞತೆ. ಬರೆದು, ರಾಗ ಕಟ್ಟಿ, ಹಾಡಿದವಳು ವಿಯೊಲೆಟಾ ಪಾರ್ರ. ಆ ಹಾಡಿನ ಧ್ವನಿಮುದ್ರಿಕೆ 1966ರಲ್ಲಿ ಹೊರಬಂದ ಕೆಲವೇ ತಿಂಗಳಿಗೆ ಆಕೆ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳೆಂದು ಮಗಳು ಹೇಳಿದಾಗ ನನಗೆ ರಾತ್ರಿಯೆಲ್ಲ ನಿದ್ರೆ ಬರಲಿಲ್ಲ. ಅಂದಿನಿಂದ ಆಕೆಯ ಕುರಿತು ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ.

ವಿಯೊಲೆಟಾ ಹುಟ್ಟಿದ್ದು 1917ರ ಅಕ್ಟೋಬರ್ 4ರಂದು, ದಕ್ಷಿಣ ಮಧ್ಯ ಚಿಲಿಯ ನ್ಯೂಬ್ಲೆ ಸೀಮೆಯಲ್ಲಿ. ತಂದೆ ಶಾಲೆಯಲ್ಲಿ ಸಂಗೀತದ ಮೇಷ್ಟರು. ತಾಯಿ ಕ್ಲಾರಿಸಾ ಸಾಂಡೊವಾಲ್ ರೈತ ಮನೆತನದವಳು. ಬಟ್ಟೆ ಹೊಲಿದು ಸಂಸಾರಕ್ಕೆ ನೆರವಾಗುತ್ತಿದ್ದಳು, ಗಿಟಾರ್ ನುಡಿಸುತ್ತ ಹಳ್ಳಿಯ ಪದಗಳನ್ನು ಹಾಡುತ್ತಿದ್ದಳು. ಮನೆ ತುಂಬ ಮಕ್ಕಳು. ಸಂಗೀತದಿಂದ ಹೊಟ್ಟೆ ತುಂಬುವುದಿಲ್ಲವೆಂದು ಸ್ವಾನುಭವದಿಂದ ಅರಿತಿದ್ದ ತಂದೆ ಗಿಟಾರನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡುತ್ತಿದ್ದನಂತೆ. ಬೀಗದ ಕೈ ತಾಯಿಯ ಹೊಲಿಗೆ ಯಂತ್ರದ ಖಾನೆಯಲ್ಲಿರುವುದನ್ನು ಪುಟ್ಟ ವಿಯೊಲೆಟಾ ಪತ್ತೆಮಾಡಿ, ಕದ್ದು ಕದ್ದು ನುಡಿಸಿ ಕಲಿತಳೆಂಬ ಕಥೆ ಉಂಟು. ಒಂಬತ್ತರ ವಯಸ್ಸಿಗೆ ಗಿಟಾರ್, ಹನ್ನೆರಡಕ್ಕೆ ಸ್ವಂತ ಹಾಡು. ಎಳವೆಯಲ್ಲಿ ಬಂದ ಸಿಡುಬು ಮುಖದ ಮೇಲೆ ಕಲೆಗಳನ್ನು ಉಳಿಸಿತ್ತು.

1927ರಲ್ಲಿ ಅಧಿಕಾರಕ್ಕೆ ಬಂದ ಇಬಾನ್ಯೆಸ್ ಎಂಬ ಸೇನಾಧಿಕಾರಿಯ ಆಡಳಿತದಲ್ಲಿ ತಂದೆಯ ನೌಕರಿ ಹೋಯಿತು. ಮೇಷ್ಟರ ಮನೆಯಲ್ಲಿ ಸಂಬಳ ನಿಂತರೆ ಏನಾಗುತ್ತದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆತ ಕುಡಿತಕ್ಕೆ ಬಿದ್ದ, ಕ್ಷಯರೋಗದಿಂದ ತೀರಿಕೊಂಡ. ಮಕ್ಕಳು ಸಂತೆಗಳಲ್ಲಿ, ರೈಲುಗಳಲ್ಲಿ, ಸರ್ಕಸ್ ಡೇರೆಗಳಲ್ಲಿ ಹಾಡಿ ಕಾಸು ಕೂಡಿಸಿದರು. ಹಿರಿಯಣ್ಣ ನಿಕನೋರ್ ಮಾತ್ರ ಓದಿನಲ್ಲಿ ಮುಂದೆ ಹೋಗಿ ರಾಜಧಾನಿ ಸಾಂಟಿಯಾಗೊ ಸೇರಿದ. ಈತನೇ ಮುಂದೆ ಚಿಲಿ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾದವನು. 1954ರಲ್ಲಿ ‘ಕವಿತೆಗಳು ಮತ್ತು ಪ್ರತಿಕವಿತೆಗಳು’ ಎಂಬ ಸಂಕಲನದಿಂದ ಸ್ಪ್ಯಾನಿಷ್ ಕಾವ್ಯದ ದಿಕ್ಕನ್ನೇ ಬದಲಿಸಿದವನು. 2011ರಲ್ಲಿ ಸೆರ್ವಾಂಟೆಸ್ ಪ್ರಶಸ್ತಿ ಪಡೆದು 2018ರಲ್ಲಿ 103ನೆಯ ವಯಸ್ಸಿನಲ್ಲಿ ನಿಧನನಾದವನು. ಈ ಅಣ್ಣ ತಂಗಿಯನ್ನು ಸಾಂಟಿಯಾಗೊಗೆ ಕರೆಸಿಕೊಂಡು ಶಿಕ್ಷಕಿಯರ ತರಬೇತಿ ಶಾಲೆಗೆ ಸೇರಿಸಿದ. ಆಕೆ ಅಲ್ಲಿ ಬಹಳ ಕಾಲ ನಿಲ್ಲಲಿಲ್ಲ. ಕಾರ್ಮಿಕರ ಬಡಾವಣೆಗಳ ಪಾನಗೃಹಗಳಲ್ಲಿ ಅಕ್ಕ ಹಿಲ್ಡಾಳೊಡನೆ ಹಾಡತೊಡಗಿದಳು. (ನಮ್ಮ ವೃತ್ತಿ ಒಬ್ಬ ಶಿಕ್ಷಕಿಯನ್ನು ಕಳೆದುಕೊಂಡಿತು. ದುಃಖಪಡಬೇಕಾದ ನಷ್ಟವೇನಲ್ಲ.)

ಮುಂದಿನ ಸುಮಾರು ಇಪ್ಪತ್ತು ವರ್ಷಗಳ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ರೈಲ್ವೆ ನೌಕರನೊಬ್ಬನೊಡನೆ ವಿವಾಹ, ಇಸಬೆಲ್ ಮತ್ತು ಆಂಖೆಲ್ ಎಂಬ ಇಬ್ಬರು ಮಕ್ಕಳು, ವಿಚ್ಛೇದನ, ಎರಡನೆಯ ಮದುವೆ, ಮತ್ತಿಬ್ಬರು ಹೆಣ್ಣುಮಕ್ಕಳು. ಈ ಅವಧಿಯಲ್ಲಿ ಆಕೆ ಹಾಡುತ್ತಿದ್ದುದು ಮೆಕ್ಸಿಕೊದ ಹಾಡು, ಸ್ಪೇನಿನ ಹಾಡು, ರೇಡಿಯೊದಲ್ಲಿ ಯಾವುದು ಓಡುತ್ತಿತ್ತೋ ಅದು. ‘ವಿಯೊಲೆಟಾ ದೆ ಮಾಯೊ’ ಎಂಬ ಹೆಸರಿಟ್ಟುಕೊಂಡು ಸ್ಪೇನಿನ ನರ್ತಕಿಯ ವೇಷವನ್ನೂ ತೊಟ್ಟಿದ್ದಳು. ಮೂವತ್ತೈದು ದಾಟುವವರೆಗೂ ಆಕೆ ಸಾವಿರಾರು ಪಾನಗೃಹ ಗಾಯಕಿಯರಲ್ಲಿ ಒಬ್ಬಳು, ಅಷ್ಟೆ.

ತಿರುವು ಬಂದದ್ದು 1952–53ರ ಸುಮಾರಿಗೆ. ಊರೂರಿನ ಮುದುಕ ಮುದುಕಿಯರ ಬಾಯಲ್ಲಿರುವ ಹಾಡುಗಳು ಅವರೊಂದಿಗೇ ಮಣ್ಣಾಗುತ್ತಿವೆ, ಹೋಗಿ ಸಂಗ್ರಹಿಸು ಎಂದು ಅಣ್ಣ ಒತ್ತಾಯಿಸಿದ. ಗಿಟಾರ್ ಮತ್ತು ಒಂದು ನೋಟುಪುಸ್ತಕ ಹಿಡಿದು ಆಕೆ ಹೊರಟಳು. ಸ್ವರಲಿಪಿ ಬರೆಯಲು ಬಾರದು. ಆದ್ದರಿಂದ ಕೇಳಿದ ಹಾಡನ್ನು ಅಲ್ಲಿಯೇ ಹಾಡಿ, ನುಡಿಸಿ, ತನ್ನದಾಗಿಸಿಕೊಂಡು ಬರುತ್ತಿದ್ದಳು. ಧ್ವನಿಮುದ್ರಣ ಯಂತ್ರ ಕೈಸೇರಿದ್ದು ಆಮೇಲೆ. ಸ್ವರಲಿಪಿಗೆ ಇಳಿಸಿಕೊಟ್ಟವನು ಗಾಸ್ತೊನ್ ಸುಬ್ಲೆತ್ ಎಂಬ ಸಂಗೀತಜ್ಞ. ಸಾಂಟಿಯಾಗೊದ ಅಂಚಿನ ಬಾರ್ರಾಂಕಾಸ್‌ನಲ್ಲಿ ರೋಸಾ ಲೋರ್ಕಾ ಎಂಬ ವೃದ್ಧೆ ಸಿಕ್ಕಳು. ಆಕೆ ಗಾಯಕಿ, ಸೂಲಗಿತ್ತಿ, ನಾಟಿವೈದ್ಯೆ. ಪುಯೆಂತೆ ಆಲ್ತೊದಲ್ಲಿ ಇಸಾಯಾಸ್ ಆಂಗುಲೊ ಎಂಬ ಹಿರಿಯ ಗಾಯಕ ಸಿಕ್ಕಿದ. ಈತನಿಂದ ಆಕೆ ಗಿಟಾರೊನ್ ಎಂಬ ವಾದ್ಯವನ್ನು ಕಲಿತಳು. ಅದಕ್ಕೆ ಇಪ್ಪತ್ತೈದು ತಂತಿಗಳು. ಇಪ್ಪತ್ತೊಂದು ಕುತ್ತಿಗೆಯ ಮೇಲೆ ಐದು ಗುಂಪುಗಳಾಗಿ, ಉಳಿದ ನಾಲ್ಕು ಮೋಟು ತಂತಿಗಳು ಇಬ್ಬದಿಗೆ. ಆ ನಾಲ್ಕಕ್ಕೆ ಹಳ್ಳಿಗರು ‘ಪುಟ್ಟ ದೆವ್ವಗಳು’ ಎನ್ನುತ್ತಾರೆ. ಅದುವರೆಗೆ ಗಂಡಸರ ಸ್ವತ್ತಾಗಿದ್ದ ವಾದ್ಯವದು. ಹತ್ತು ಸಾಲಿನ ‘ದೇಸಿಮಾ’ ಎಂಬ ಪದ್ಯಬಂಧದಲ್ಲಿ ಸೃಷ್ಟಿಯ ಕಥೆ, ಕ್ರಿಸ್ತನ ಶಿಲುಬೆ, ಬಿತ್ತನೆ, ಬರಗಾಲ ಎಲ್ಲವನ್ನೂ ಆ ನಿರಕ್ಷರ ಹಿರಿಯರು ಬಾಯಲ್ಲಿ ಉಳಿಸಿಕೊಂಡಿದ್ದರು.

ಇಲ್ಲಿ ನನ್ನದೊಂದು ಮಾತು. ನನ್ನ ಅಜ್ಜಿ ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಪದಗಳು ನೂರಕ್ಕೆ ಕಡಿಮೆಯಿರಲಾರವು. ನಾನು ಬಿ.ಎಡ್. ಮಾಡಿದೆ, ರಾಶಿರಾಶಿ ಪಾಠಟಿಪ್ಪಣಿ ಬರೆದೆ. ಅಜ್ಜಿಯ ಒಂದು ಪದವನ್ನಾದರೂ ಬರೆದುಕೊಳ್ಳಬೇಕೆಂದು ತೋಚಲಿಲ್ಲ. ಈಗ ನೆನಪಿನಲ್ಲಿರುವುದು ಕಲ್ಲಿನ ಸದ್ದು ಮಾತ್ರ. ಆದಕಾರಣ ನಾಲ್ಕು ಮಕ್ಕಳ ತಾಯಿಯೊಬ್ಬಳು, ಯಾವ ವಿಶ್ವವಿದ್ಯಾಲಯದ ಅನುದಾನವೂ ಇಲ್ಲದೆ, ಧೂಳು ರಸ್ತೆಗಳಲ್ಲಿ ಅಲೆದದ್ದನ್ನು ಓದುವಾಗ ನನಗೆ ಮೆಚ್ಚುಗೆಗಿಂತ ಹೆಚ್ಚಾಗಿ ನಾಚಿಕೆಯಾಗುತ್ತದೆ.

ಹೀಗೆ ಸಂಗ್ರಹಿಸಿದ ಹಾಡುಗಳಲ್ಲಿ ಒಂದು ಬಗೆ ವಿಶಿಷ್ಟವಾದದ್ದು. ಚಿಲಿಯ ಹಳ್ಳಿಗಳಲ್ಲಿ ಎಳೆಗೂಸು ಸತ್ತರೆ ಅದು ನೇರವಾಗಿ ದೇವದೂತನಾಗುತ್ತದೆಂಬ ನಂಬಿಕೆ. ಕೂಸಿಗೆ ಬಿಳಿ ಬಟ್ಟೆ ತೊಡಿಸಿ, ರೆಕ್ಕೆ ಕಟ್ಟಿ, ಹೂಗಳ ನಡುವೆ ಕೂರಿಸಿ, ರಾತ್ರಿಯಿಡೀ ಹಾಡುತ್ತಾರೆ. ಕೂಸೇ ತಾಯಿಗೆ ವಿದಾಯ ಹೇಳುವ ಧಾಟಿಯ ಪದಗಳವು. ತಾಯಿ ಅಳಬಾರದು, ಅತ್ತರೆ ರೆಕ್ಕೆ ತೊಯ್ದು ಹಾರಲಾಗದು. ರೋಸಾ ಲೋರ್ಕಾ ಇಂಥ ಕೂಸುಗಳನ್ನು ಸಿಂಗರಿಸುವುದರಲ್ಲಿ ನಿಪುಣೆ. ಆಕೆಯಂಥವರಿಂದ ವಿಯೊಲೆಟಾ ಆ ಪದಗಳನ್ನು ಕಲಿತಳು. 1954ರಲ್ಲಿ ರೇಡಿಯೊ ಚಿಲೆನಾದಲ್ಲಿ ಆಕೆಯ ಸರಣಿ ಕಾರ್ಯಕ್ರಮ ಜನಪ್ರಿಯವಾಯಿತು. 1955ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ನಡೆದ ವಿಶ್ವ ಯುವಜನೋತ್ಸವಕ್ಕೆ ಆಹ್ವಾನ ಬಂತು. ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೊರಟಳು. ಆಕೆ ಯುರೋಪಿನಲ್ಲಿರುವಾಗ ಕಿರಿಯ ಮಗಳು ರೋಸಿತಾ ಕ್ಲಾರಾ ತೀರಿಕೊಂಡಳು.

ವಿಯೊಲೆಟಾ ಕೂಡಲೇ ಹಿಂದಿರುಗಲಿಲ್ಲ. ಪ್ಯಾರಿಸಿನಲ್ಲಿ ನಿಂತು ‘ಲೆಸ್ಕಾಲ್’ ಎಂಬ ಪುಟ್ಟ ಕ್ಲಬ್ಬಿನಲ್ಲಿ ಹಾಡಿದಳು, ಧ್ವನಿಮುದ್ರಿಕೆಗಳನ್ನು ಮಾಡಿದಳು, ಸ್ವದೇಶಕ್ಕೆ ಮರಳಿದ್ದು 1956ರಲ್ಲಿ. ಇದಕ್ಕಾಗಿ ಆಕೆಯನ್ನು ದೂಷಿಸಿದವರಿದ್ದಾರೆ. ಪುರುಷ ಕಲಾವಿದನೊಬ್ಬ ಮನೆ ಬಿಟ್ಟು ವರ್ಷಗಟ್ಟಲೆ ಅಲೆದರೆ ಅದನ್ನು ಸಾಧನೆ ಎನ್ನುವ ನಾಲಗೆಗಳೇ ಹೀಗೆ ಆಡುತ್ತವೆ. ಆದರೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. ಅದು ಆಕೆಯ ಮನಸ್ಸಿನಲ್ಲಿಯೂ ಉಳಿದಿತ್ತೆಂಬುದಕ್ಕೆ ಸತ್ತ ಮಗಳನ್ನು ಕುರಿತ ಪದ್ಯವೂ, ಕೊನೆಯ ಧ್ವನಿಮುದ್ರಿಕೆಯಲ್ಲಿ ಮತ್ತೆ ಬರುವ ದೇವದೂತ ಕೂಸಿನ ಹಾಡೂ ಸಾಕ್ಷಿ.

ಸಂಗ್ರಾಹಕಿಯಾಗಿ ಮೊದಲು, ರಚನೆಕಾರ್ತಿಯಾಗಿ ಆಮೇಲೆ – ಈ ಕ್ರಮ ಮುಖ್ಯವೆಂದು ನನ್ನ ಭಾವನೆ. 1957ರಿಂದ ‘ಚಿಲಿಯ ಜಾನಪದ’ ಸರಣಿಯ ಲಾಂಗ್‌ಪ್ಲೇ ತಟ್ಟೆಗಳು ಹೊರಬಂದವು. ಅದೇ ಹೊತ್ತಿಗೆ ಆಕೆ ಗಿಟಾರಿಗೆಂದೇ ‘ಆಂಟಿಕ್ವೆಕಾ’ ಎಂಬ ವಾದ್ಯಕೃತಿಗಳನ್ನು ರಚಿಸಿದಳು. ಕ್ವೆಕಾ ಎಂಬುದು ಚಿಲಿಯ ಜನಪ್ರಿಯ ಕುಣಿತ. ಅದರ ಲಯವನ್ನು ಮುರಿದು, ಅಪಸ್ವರವೆನ್ನಿಸುವ ಸ್ವರಗಳನ್ನು ಸೇರಿಸಿದ ಈ ಕೃತಿಗಳನ್ನು ಕೇಳಿದರೆ ಶಾಸ್ತ್ರೀಯ ತರಬೇತಿ ಪಡೆದ ಆಧುನಿಕನೊಬ್ಬ ಬರೆದದ್ದೆಂದು ತೋರುತ್ತದೆ. ಬರೆದವಳಿಗೆ ಸ್ವರಲಿಪಿಯೇ ಬಾರದು! ಅಣ್ಣ ಪ್ರತಿಕವಿತೆ ಬರೆದ, ತಂಗಿ ಪ್ರತಿಕುಣಿತ ನುಡಿಸಿದಳು. ಒಂದೇ ಮನೆಯ ನೀರು.

ಕಾಮಾಲೆಯಿಂದ ಹಾಸಿಗೆ ಹಿಡಿದಾಗ ಸುಮ್ಮನಿರಲಾರದೆ ಗೋಣಿ ಬಟ್ಟೆಯ ಮೇಲೆ ಬಣ್ಣದ ಉಣ್ಣೆಯಿಂದ ಚಿತ್ರ ಕಸೂತಿ ಮಾಡತೊಡಗಿದಳು. ‘ಆರ್ಪಿಯೇರಾ’ ಎಂದು ಕರೆಯಲಾಗುವ ಈ ಕಸೂತಿಗಳ, ವರ್ಣಚಿತ್ರಗಳ ಪ್ರದರ್ಶನ 1964ರಲ್ಲಿ ಪ್ಯಾರಿಸಿನ ಲೂವ್ರ್ ಅರಮನೆಯ ಭಾಗವಾದ ಅಲಂಕಾರ ಕಲೆಗಳ ವಸ್ತುಸಂಗ್ರಹಾಲಯದಲ್ಲಿ ನಡೆಯಿತು. ಹೊಲಿಗೆಯವಳ ಮಗಳು ಸೂಜಿಯಿಂದ ಲೂವ್ರ್ ಹೊಕ್ಕಳು.

ಪ್ಯಾರಿಸ್ ಮೆಚ್ಚಿತು, ಸಾಂಟಿಯಾಗೊ ಮೆಚ್ಚಲಿಲ್ಲವೆಂದರೆ ಅನ್ಯಾಯವಾದೀತು, ಆದರೆ ಅದಕ್ಕೆ ಪುರುಸೊತ್ತಿರಲಿಲ್ಲ. 1965ರಲ್ಲಿ ಮರಳಿದ ವಿಯೊಲೆಟಾ ನಗರದ ಹೊರವಲಯವಾದ ಲಾ ರೇನಾದಲ್ಲಿ ಸರ್ಕಸ್ಸಿನಂಥ ದೊಡ್ಡ ಡೇರೆ ಹಾಕಿದಳು. ಬಾಲ್ಯದಲ್ಲಿ ಹಾಡಿದ್ದ ಡೇರೆಗಳ ನೆನಪೋ ಏನೋ. ಸಾವಿರ ಜನ ಕೂರಬಹುದಾದ ಸ್ಥಳ. ಜಾನಪದದ ವಿಶ್ವವಿದ್ಯಾಲಯ ಮಾಡಬೇಕೆಂಬ ಕನಸು. ಆಕೆ ಅಲ್ಲಿಯೇ ವಾಸಿಸಿದಳು, ಬಂದವರಿಗೆ ಅಡಿಗೆ ಮಾಡಿ ಬಡಿಸಿದಳು, ಹಾಡಿದಳು. ಜನ ಬರಲಿಲ್ಲ. ದೂರ, ಚಳಿಗಾಲ, ಮಳೆ, ಕೆಸರು. ಅದೇ ಸಮಯದಲ್ಲಿ ಊರ ನಡುವೆ ಕಾರ್ಮೆನ್ ಬೀದಿಯ 340ನೆಯ ಮನೆಯಲ್ಲಿ ಮಕ್ಕಳಾದ ಇಸಬೆಲ್, ಆಂಖೆಲ್ ತೆರೆದಿದ್ದ ಹಾಡಿನ ಅಂಗಳಕ್ಕೆ ಯುವಕರು ಕಿಕ್ಕಿರಿದು ಸೇರುತ್ತಿದ್ದರು. ವಿಕ್ಟರ್ ಹಾರಾ ಹಾಡುತ್ತಿದ್ದುದೂ ಅಲ್ಲಿಯೇ. ತಾಯಿ ಬಿತ್ತಿದ್ದನ್ನೇ ಮಕ್ಕಳು ಅಲ್ಲಿ ಹಾಡುತ್ತಿದ್ದರು, ಮತ್ತು ತಾಯಿಯ ಡೇರೆ ಖಾಲಿಯಿತ್ತು. ಪ್ರಿಯ ಸಂಗಾತಿಯಾಗಿದ್ದ ಸ್ವಿಸ್ ವಾದಕ ಗಿಲ್ಬರ್ಟ್ ಫಾವ್ರ್ ಬೊಲಿವಿಯಕ್ಕೆ ಹೊರಟುಹೋದ.

ಆ ಖಾಲಿ ಡೇರೆಯ ದಿನಗಳಲ್ಲಿ ಆಕೆ ‘ಕೊನೆಯ ರಚನೆಗಳು’ ಎಂಬ ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿದಳು. ಹೆಸರನ್ನು ಯಾರೂ ಅಕ್ಷರಶಃ ತೆಗೆದುಕೊಳ್ಳಲಿಲ್ಲ. ಬದುಕಿಗೆ ಕೃತಜ್ಞತೆ ಹೇಳುವ ಹಾಡು ಅದರಲ್ಲಿಯೇ ಇದೆ. ಅದಕ್ಕೆ ಹಿಮ್ಮೇಳ ಆಂಡೀಸ್ ಪ್ರದೇಶದ ಚರಾಂಗೊ ಎಂಬ ಪುಟ್ಟ ತಂತಿವಾದ್ಯ. ಕಣ್ಣಿಗೆ, ಕಿವಿಗೆ, ದಣಿದ ಕಾಲುಗಳಿಗೆ, ನಗುವಿಗೆ, ಅಳುವಿಗೆ ಆಕೆ ಒಂದೊಂದಾಗಿ ಕೃತಜ್ಞತೆ ಸಲ್ಲಿಸುತ್ತಾಳೆ. ಅಕ್ಷರಮಾಲೆಗೂ ಸಲ್ಲಿಸುತ್ತಾಳೆ, ಮೇಷ್ಟರ ಮಗಳಲ್ಲವೆ! 1967ರ ಫೆಬ್ರವರಿ 5ರಂದು ಆ ಡೇರೆಯಲ್ಲಿಯೇ ಆಕೆಯ ಅಂತ್ಯವಾಯಿತು. ಆಗ 49 ವರ್ಷ. ಈ ಹಾಡನ್ನು ವ್ಯಂಗ್ಯವೆಂದೂ ಆತ್ಮಹತ್ಯೆಯ ಪತ್ರವೆಂದೂ ಓದುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬರೆದ ಗಳಿಗೆಯಲ್ಲಿ ಆ ಕೃತಜ್ಞತೆ ನಿಜವಾದದ್ದೇ. ಅದೊಂದೇ ಆಕೆಯನ್ನು ಉಳಿಸಲು ಸಾಲದಾಯಿತು.

ಮುಂದೆ 1971ರಲ್ಲಿ ಅರ್ಜೆಂಟೀನಾದ ಮೆರ್ಸೆಡಿಸ್ ಸೋಸಾ, 1974ರಲ್ಲಿ ಅಮೆರಿಕದ ಜೋನ್ ಬಾಯೆಜ್ ಅದನ್ನು ಹಾಡಿ ಲೋಕಪ್ರಸಿದ್ಧಗೊಳಿಸಿದರು. ಅಷ್ಟರಲ್ಲಿ ಚಿಲಿಯ ಚಿತ್ರವೇ ಬದಲಾಗಿತ್ತು. 1973ರ ಸೆಪ್ಟೆಂಬರ್ 11ರಂದು ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿತು. ಕೆಲವೇ ದಿನಗಳಲ್ಲಿ ವಿಕ್ಟರ್ ಹಾರಾನನ್ನು ಕ್ರೀಡಾಂಗಣದಲ್ಲಿ ಸೆರೆಯಿಟ್ಟು ಹಿಂಸಿಸಿ ಕೊಂದರು. ಇಸಬೆಲ್ ದೇಶಭ್ರಷ್ಟಳಾದಳು. ಕಾಣೆಯಾದವರ ತಾಯಂದಿರು, ಹೆಂಡಂದಿರು ಚಿಂದಿ ಬಟ್ಟೆಗಳನ್ನು ಗೋಣಿಯ ಮೇಲೆ ಹೊಲಿದು ತಮ್ಮ ದುಃಖವನ್ನು ಚಿತ್ರಿಸಿ ಹೊರದೇಶಗಳಿಗೆ ಕಳಿಸಿದರು. ಅವನ್ನೂ ಆರ್ಪಿಯೇರಾ ಎಂದೇ ಕರೆದರು.

ಆಂಖೆಲ್ ಪಾರ್ರನನ್ನು ಬಂಧಿಸಿ ಮೊದಲು ಸಾಂಟಿಯಾಗೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿಟ್ಟು, ಅನಂತರ ಅಟಕಾಮ ಮರುಭೂಮಿಯ ಚಕಬುಕೊ ಎಂಬಲ್ಲಿಗೆ ಸಾಗಿಸಿದರು. ಚಕಬುಕೊ ಎಂದರೆ ಹಿಂದೆ ನೈಟ್ರೇಟ್ ತೆಗೆಯುತ್ತಿದ್ದ ಊರು. ಜರ್ಮನರು ಗಾಳಿಯಿಂದಲೇ ಸಾರಜನಕ ಗೊಬ್ಬರ ತಯಾರಿಸುವುದನ್ನು ಕಂಡುಹಿಡಿದ ಮೇಲೆ ಆ ಉದ್ಯಮ ಕುಸಿದು ಊರು ಪಾಳು ಬಿದ್ದಿತ್ತು. ಸೇನೆ ಅದಕ್ಕೆ ಮುಳ್ಳುತಂತಿ ಸುತ್ತಿ ಸೆರೆಶಿಬಿರ ಮಾಡಿತು. ನಾನು ವರ್ಷವರ್ಷವೂ ಕಪ್ಪು ಹಲಗೆಯ ನಕ್ಷೆಯಲ್ಲಿ ಬಿಳಿ ಚುಕ್ಕೆಯಿಟ್ಟು, ಇಲ್ಲಿ ನೈಟ್ರೇಟ್ ದೊರೆಯುತ್ತದೆ, ಬರೆದುಕೊಳ್ಳಿ ಎಂದು ಮಕ್ಕಳಿಗೆ ಹೇಳುತ್ತಿದ್ದ ಜಾಗ ಅದು. ಅಲ್ಲಿ ವಿಯೊಲೆಟಾಳ ಮಗ ಸಹಬಂದಿಗಳನ್ನು ಕೂಡಿಸಿ ಒಂದು ಮೇಳ ಕಟ್ಟಿದ. ಅವರ ನಡುವೆ ಗಿಟಾರ್ ನುಡಿಸಿದ, ಹಾಡುಗಳನ್ನು ಕಲಿಸಿದ.