ಹಿಮ್ಮಡಿಯ ಮುಳ್ಳು

ಬಾದಾಮಿಯ ಕೆಂಗಲ್ಲ ಬೆಟ್ಟಗಳಿಂದ ಹೊರಟು, ಹುನಗುಂದದ ಎರೆಹೊಲಗಳನ್ನು ಹಾಯ್ದು, ಇಳಕಲ್ಲಿನ ಕೆಂಪು ಕಣಶಿಲೆಯ ಗಣಿಗಳನ್ನು ಮುಟ್ಟುವವನ ಪಾದಗಳಿಗೆ ಈ ಸೀಮೆಯ ನೆಲ ಎಂದೂ ದಾಕ್ಷಿಣ್ಯ ತೋರಿದ್ದಿಲ್ಲ. ಬೇಸಗೆಯಲ್ಲಿ ಬಿರಿದ ಎರೆಮಣ್ಣಿನ ಅಂಚು, ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಉಳಿದ ಜೋಳದ ಕೂಳೆ, ಬಂಡಿಯ ಜಾಡಿನ ಇಕ್ಕೆಲದಲ್ಲಿ ಉದುರಿಬಿದ್ದ ಜಾಲಿಮುಳ್ಳು ಇವುಗಳ ನಡುವೆ ಬರಿಗಾಲಿನಲ್ಲಿ ಬಾಳಿದ ಜನ, ಬೆಳಗಿನಲ್ಲಿ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆಯನ್ನೂರುವಾಗ ಹಿಮ್ಮಡಿಯಲ್ಲಿ ಛಳಕ್ಕೆಂದು ಹೊಮ್ಮುವ ನೋವನ್ನು ‘ಹಿಂಬಡದಾಗ ಮುಳ್ಳು ಮುರದಂಗಾಗೇತಿ’ ಎಂದು ವರ್ಣಿಸಿದರೆ ಆಶ್ಚರ್ಯವೇನು? ನಿಜವಾಗಿಯೂ ಮುಳ್ಳು ಮುರಿಸಿಕೊಂಡವರೇ ಆಡಬಲ್ಲ ಮಾತು ಅದು.

ಸಂಸ್ಕೃತದ ವೈದ್ಯಾಚಾರ್ಯರಿಗೂ ಹೊಳೆದದ್ದು ಇದೇ ಮುಳ್ಳು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ವಿಷಮವಾದ ನೆಲದ ಮೇಲೆ ಪಾದವಿಟ್ಟಾಗ ಕುಪಿತವಾದ ವಾಯು ಕಾಲಿನ ಹರಡು-ಹಿಮ್ಮಡಿಗಳ ಪ್ರದೇಶವನ್ನು ಆಶ್ರಯಿಸಿ ವೇದನೆಯನ್ನುಂಟುಮಾಡುವುದೆಂದು ಹೇಳಿ, ಆ ವ್ಯಾಧಿಗೆ ‘ವಾತಕಂಟಕ’ವೆಂದು ಹೆಸರಿಟ್ಟರು. ಅನಂತರದ ಚಿಕಿತ್ಸಾಗ್ರಂಥಗಳು ಇದಕ್ಕೆ ಮೂರು ಉಪಾಯಗಳನ್ನು ವಿಧಿಸುತ್ತವೆ: ಮತ್ತೆ ಮತ್ತೆ ರಕ್ತವನ್ನು ತೆಗೆಯುವುದು, ಏರಂಡತೈಲವನ್ನು ಕುಡಿಸುವುದು, ಕಾದ ಸೂಜಿಗಳಿಂದ ನೋವಿನ ಎಡೆಯನ್ನು ಸುಡುವುದು. ಈ ಮೂರರಲ್ಲಿ ಏರಂಡತೈಲ, ಎಂದರೆ ನಮ್ಮ ಔಡಲೆಣ್ಣೆ, ಅಡುಗೆಮನೆಯ ಮಾಡದೊಳಗೆ ಸೇರಿ ಮನೆಯದೇ ಆಯಿತು; ಸೂಜಿಯ ದಾಹವು ಹಳ್ಳಿಯಲ್ಲಿ ‘ಚುಟಿಗೆ’ ಎಂಬ ಹೆಸರನ್ನು ತಳೆದು, ಕಾದ ಕಬ್ಬಿಣವನ್ನು ಹಿಡಿದವನ ಕೈಗೆ ಹೋಯಿತು. ಚುಟಿಗೆ ಹಾಕಿಸಿಕೊಂಡವನು ಮರುದಿನ ಹಿಮ್ಮಡಿಯ ನೋವನ್ನು ಮರೆತಿದ್ದನೆಂದರೆ, ಸುಟ್ಟ ಗಾಯದ ಉರಿಯ ಮುಂದೆ ಅದು ನೆನಪಿಗೆ ಬರುವುದಾದರೂ ಹೇಗೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಪಾದದ ಆರೈಕೆಯನ್ನು ನಮ್ಮ ನಾಡಿನ ಅರಸರು ಅಲಕ್ಷಿಸಿದ್ದರೆಂದು ಹೇಳುವಂತಿಲ್ಲ. ಬಾದಾಮಿಯ ಚಾಲುಕ್ಯರ ಹೆಸರನ್ನೇ ಹೊತ್ತು ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ರಾಜನು ಅನುಭವಿಸತಕ್ಕ 20 ಉಪಭೋಗಗಳನ್ನು ಎಣಿಸುವಾಗ, ತಾಂಬೂಲ, ವಿಲೇಪನ, ಚಾಮರಗಳ ಸಾಲಿನಲ್ಲಿ ಪಾದುಕೆಗೂ ಪಾದಾಭ್ಯಂಗಕ್ಕೂ ಬೇರೆ ಬೇರೆಯಾದ ಸ್ಥಾನಗಳನ್ನು ಕೊಟ್ಟಿದ್ದಾನೆ. ಕಾಲಿಗೆ ಎಣ್ಣೆ ತಿಕ್ಕುವುದು ಪಾದಗಳ ಒರಟುತನವನ್ನೂ ಬಿಗಿತವನ್ನೂ ಆಯಾಸವನ್ನೂ ಕಳೆಯುವುದೆಂದು ಚರಕನು ಹೇಳಿದುದೇ ಅರಮನೆಯಲ್ಲಿ ಭೋಗವಾಯಿತು. ಅರಸನಿಗೆ ಪಾದುಕೆ ಭೋಗವಾಗಿದ್ದ ನಾಡಿನಲ್ಲಿ ಕೂಳೆಯ ಹೊಲದಲ್ಲಿ ದುಡಿಯುವವನಿಗೆ ಒಂದು ಜೊತೆ ಕೆರವೂ ದುರ್ಲಭವಾಗಿತ್ತು. ಅವನ ಪಾಲಿಗೆ ಒದಗಿದ್ದು ಬೇಲಿಯ ಎಕ್ಕದ ಗಿಡ.

ಎಕ್ಕಕ್ಕೆ ಸಂಸ್ಕೃತದಲ್ಲಿ ಅರ್ಕವೆಂದು ಹೆಸರು, ಅರ್ಕನೆಂದರೆ ಸೂರ್ಯ. ರಥಸಪ್ತಮಿಯಂದು ಏಳು ಎಕ್ಕದ ಎಲೆಗಳನ್ನು ತಲೆ, ಭುಜ, ಮೊಣಕಾಲು, ಪಾದಗಳ ಮೇಲಿಟ್ಟು ಸ್ನಾನಮಾಡುವ ಆಚಾರವನ್ನು ಬಲ್ಲವರಿಗೆ, ಅದೇ ಎಲೆ ಹಿಮ್ಮಡಿಯ ಶಾಖಕ್ಕೆ ಬಂದುದರಲ್ಲಿ ಹೊಸತೇನೂ ಕಾಣದು. ಕ್ರಮವಾದರೂ ಸರಳ. ಒಲೆಯ ಕೆಂಡದಲ್ಲಿ ಒಂದು ಇಟ್ಟಂಗಿಯನ್ನು ಕಾಯಿಸಿ, ಹೊರಗೆಳೆದು, ಅದರ ಮೇಲೆ ಎರಡು ಮೂರು ಎಕ್ಕದ ಎಲೆಗಳನ್ನು ಹಾಸಿ, ಹಿಮ್ಮಡಿಯನ್ನು ಮೊದಮೊದಲು ತಾಗಿಸಿಯೂ ತಾಗಿಸದಂತೆ, ಅನಂತರ ತಾಳಿಕೆಯಿದ್ದಷ್ಟು ಒತ್ತಿ ಹಿಡಿಯುವುದು. ಎಲೆ ಬಾಡಿ ಕಪ್ಪಿಟ್ಟೊಡನೆ ಬೇರೆ ಎಲೆ. ಇಟ್ಟಂಗಿ ಆರುವಷ್ಟರಲ್ಲಿ ಬೆಚ್ಚಗಿನ ಔಡಲೆಣ್ಣೆಯನ್ನು ತಿಕ್ಕಿ, ಹಳೆಯ ಸೀರೆಯ ಅಂಚನ್ನು ಸುತ್ತಿ, ನೆಲಕ್ಕೆ ಕಾಲಿಡದೆ ಮಲಗುವುದು. ‘ತಮ್ಮಾ, ನೆಲಾ ತಣ್ಣಗೈತಿ, ಹಿಂಬಡಾ ಕಾಸ್ಕೊಂಡು ಮಲಕ್ಕೋ’ ಎಂಬ ಅಜ್ಜಿಯ ಮಾತಿನೊಡನೆ ರಾತ್ರಿಯ ಊಟ ಮುಗಿಯುತ್ತಿದ್ದ ಮನೆಗಳುಂಟು. ಎಕ್ಕ ಸಿಗದಲ್ಲಿ ಲಕ್ಕಿಯ ಸೊಪ್ಪು, ಅದೂ ಇಲ್ಲದಲ್ಲಿ ಹರಳುಪ್ಪಿನ ಗಂಟು. ಬಿಳಿ ಎಕ್ಕವೇ ಬೇಕೆಂದು ಹಟ ಹಿಡಿದು ಊರೆಲ್ಲ ಅಲೆದು, ಇದ್ದ ನೋವನ್ನು ಇಮ್ಮಡಿ ಮಾಡಿಕೊಂಡು ಬರುವವರೂ ಇಲ್ಲದಿಲ್ಲ.

ಇಳಕಲ್ಲಿನ ನೇಕಾರರ ಓಣಿಗಳಲ್ಲಿ ಈ ಇಟ್ಟಂಗಿಗೆ ಕೆಲಸ ಹೆಚ್ಚು. ಕುಣಿಮಗ್ಗದ ಅಂಚಿನಲ್ಲಿ ಕುಳಿತವನು ಕಾಲುಗಳನ್ನು ಕುಣಿಯೊಳಗಿಳಿಬಿಟ್ಟು, ಹಗಲೆಲ್ಲ ಹಲಗೆಗಳನ್ನು ಎಡಬಲವಾಗಿ ಒತ್ತುತ್ತಾನೆ. ಮೇಲೆ ಒಡಲಿನ ಹಾಸಿಗೂ ಸೆರಗಿನ ರೇಷ್ಮೆಯ ಹಾಸಿಗೂ ಕೊಂಡಿ ಬೆಸೆದ ಸೀರೆ ಬೆಳೆಯುತ್ತಿದ್ದಂತೆ, ಕೆಳಗೆ ಮೀನಖಂಡ ಬಿಗಿಯುತ್ತ ಹೋಗುತ್ತದೆ. ಆ ಬಿಗಿತವು ಹಿಮ್ಮಡಿಯನ್ನು ಎಳೆಯುವುದೆಂಬುದನ್ನು ಶರೀರಶಾಸ್ತ್ರ ಹೇಳುವ ಮೊದಲೇ ನೇಕಾರನ ಮಡದಿ ಅರಿತಿದ್ದಳೆಂದು ತೋರುತ್ತದೆ. ಏಕೆಂದರೆ ಆಕೆ ಎಣ್ಣೆಯನ್ನು ಹಿಮ್ಮಡಿಗೆ ಮಾತ್ರವಲ್ಲದೆ ಮೊಣಕಾಲಿನ ಹಿಂಬದಿಯಿಂದ ತೊಡಗಿ ಕೆಳಮುಖವಾಗಿ ತಿಕ್ಕುವಳು.

ಈ ಸೀಮೆಯ ಪಾದಗಳ ನಿಜವಾದ ಪರೀಕ್ಷೆ ಯುಗಾದಿಯ ಮುಂಚಿನ ವಾರಗಳಲ್ಲಿ. ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆಂದು ಕಂಬಿ ಹೊತ್ತ ಜನ, ಕೆಲವರು ಮರಗಾಲು ಕಟ್ಟಿಕೊಂಡು, ಬಹುಮಂದಿ ಬರಿಗಾಲಿನಲ್ಲಿ, ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ದಾರಿಯಲ್ಲಿ ಸಾಗುತ್ತಾರೆ. ದಾರಿಯೂರಿನವರು ರೊಟ್ಟಿ-ಮಜ್ಜಿಗೆಗಳೊಡನೆ ಬಿಸಿನೀರನ್ನೂ ಎಣ್ಣೆಯನ್ನೂ ಸಿದ್ಧವಾಗಿರಿಸಿ, ಅಪರಿಚಿತನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುವ ದೃಶ್ಯವನ್ನು ಕಂಡವರಿಗೆ ಸೋಮೇಶ್ವರನ ಪಾದಾಭ್ಯಂಗ ಯಾರ ಪಾಲಿಗೆ ಬಂತೆಂಬುದು ತಾನೇ ತಿಳಿಯುತ್ತದೆ. ಈಗ ಔಡಲೆಣ್ಣೆಯ ಜೊತೆಗೆ ಅಂಗಡಿಯ ಮುಲಾಮುಗಳೂ ಕುಳಿತಿರುತ್ತವೆ.

1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ ವೈದ್ಯರು ಹಿಮ್ಮಡಿಯ ಎಲುಬಿನಿಂದ ಮುಂದಕ್ಕೆ ಚಾಚಿದ ಮೊನೆಯೊಂದನ್ನು ಚಿತ್ರದಲ್ಲಿ ಕಂಡರು. ಸುಶ್ರುತನ ಕಂಟಕವೂ ನಮ್ಮವರ ಮುಳ್ಳೂ ಕಣ್ಣೆದುರಿಗೇ ನಿಂತಂತಾಯಿತು! ಕೆಲವರು ಅದನ್ನು ಕೊಯ್ದು ತೆಗೆಯಲೂ ತೊಡಗಿದರು. ಆದರೆ ಅಂಥ ಮೊನೆಯುಳ್ಳ ಎಷ್ಟೋ ಜನರು ನೋವೇ ಇಲ್ಲದೆ ನಡೆದಾಡುತ್ತಿರುವುದೂ, ಮೊನೆಯಿಲ್ಲದವರು ನರಳುವುದೂ ಕ್ರಮೇಣ ಗೊತ್ತಾಯಿತು. ಮುಳ್ಳು ಸಿಕ್ಕಿತ್ತು, ಚುಚ್ಚುತ್ತಿದ್ದುದು ಬಹುಮಟ್ಟಿಗೆ ಅದಾಗಿರಲಿಲ್ಲ. ನೋವು ಹೆಚ್ಚಾಗಿ ಹಿಮ್ಮಡಿಯಿಂದ ಬೆರಳುಗಳವರೆಗೆ ಅಂಗಾಲಿನಡಿ ಹಬ್ಬಿದ ಗಟ್ಟಿಪೊರೆಯದು: ರಾತ್ರಿ ಮುದುಡಿ ಬಿಗಿದ ಅದು ಬೆಳಗಿನ ಮೊದಲ ಹೆಜ್ಜೆಗೆ ಸೆಟೆಯುತ್ತದೆ. ಮೀನಖಂಡವನ್ನೂ ಅಂಗಾಲನ್ನೂ ಮೆಲ್ಲನೆ ಹಿಗ್ಗಿಸುವುದು, ಮೆತ್ತನೆಯ ಪಾದರಕ್ಷೆ, ವಿಶ್ರಾಂತಿ ಇವೇ ಇಂದಿನ ವೈದ್ಯರ ಮೊದಲ ಮಾತು; ಹೆಚ್ಚಿನವರಿಗೆ ವರುಷದೊಳಗೆ ಗುಣವಾಗುವುದೂ ಉಂಟು. ತಾನಾಗಿ ಇಳಿಯುವ ನೋವಿಗೆ ಎಕ್ಕದೆಲೆ ಕೀರ್ತಿಯನ್ನು ಪಡೆಯಿತೆಂದು ಯಾರಾದರೂ ಆಕ್ಷೇಪಿಸಿದರೆ ನಾನು ಜಗಳಕ್ಕೆ ನಿಲ್ಲಲಾರೆ. ಆದರೆ ಶಾಖವೂ ತಿಕ್ಕುವಿಕೆಯೂ ಬಿಗಿತವನ್ನು ಸಡಿಲಿಸುವುದು ಸುಳ್ಳಲ್ಲ; ದುಡಿಯುವವನನ್ನು ಒಂದು ಗಳಿಗೆ ಕಾಲು ಚಾಚಿ ಕೂರಿಸಿದ ಪುಣ್ಯವಂತೂ ಇಟ್ಟಂಗಿಗೇ ಸಲ್ಲಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಮಾತ್ರ ಅದರ ಹತ್ತಿರ ಸುಳಿಯಬಾರದು, ಸುಟ್ಟದ್ದೂ ತಿಳಿಯುವುದಿಲ್ಲ. ಎಕ್ಕದ ಹಾಲು ಹತ್ತಿದ ಕೈಯನ್ನು ಕಣ್ಣಿಗೆ ಒಯ್ಯುವುದೂ ಅಪಾಯಕರ.

ಚುಟಿಗೆ ಹಾಕುವವರು ಹಳ್ಳಿಗಳಲ್ಲಿ ವಿರಳವಾಗಿದ್ದಾರೆ. ಅಗ್ನಿಕರ್ಮವೆಂಬ ಹಳೆಯ ಹೆಸರಿನಲ್ಲಿ ಅದೇ ವಿದ್ಯೆ, ಪಂಚಧಾತುವಿನ ಶಲಾಕೆ ಹಿಡಿದು, ಆಯುರ್ವೇದದ ಆಸ್ಪತ್ರೆಗಳಲ್ಲಿ ವಾತಕಂಟಕದ ರೋಗಿಗಳ ಮುಂದೆ ಹಿಂದಿರುಗಿದೆ. ಎಕ್ಕಕ್ಕೆ ಆಸ್ಪತ್ರೆಯ ಹಂಗಿಲ್ಲ. ಶ್ರೀಶೈಲದಿಂದ ಜನ ಮರಳಿದ ವಾರದಲ್ಲಿ ಊರಂಚಿನ ಹಾದಿಯಲ್ಲಿ ನೋಡಿದರೆ, ಕೈಗೆಟಕುವ ಎತ್ತರದವರೆಗೆ ಆ ಗಿಡಗಳು ಬೋಳಾಗಿರುತ್ತವೆ.