ವಿದೇಶಕ್ಕೆ ಹಳೆಯ ಮರುಬಳಕೆ ಯಂತ್ರ: ತೊಳೆಯದಿದ್ದರೆ ತೊಡಕು

ಬಳಸಿದ ಬ್ಯಾಟರಿಗಳಿಂದ ಸೀಸ ತೆಗೆಯುವ ಕುಲುಮೆಯಂತಹ ಯಂತ್ರಗಳನ್ನು ವಿದೇಶಕ್ಕೆ ಕಳುಹಿಸುವಾಗ ಅವುಗಳೊಳಗೆ ಉಳಿದ ಸೀಸದ ಧೂಳು, ಆಮ್ಲಗಳೇ ತೊಡಕಾಗುತ್ತವೆ. ಇಂತಹ ಯಂತ್ರವನ್ನು ಅಧಿಕಾರಿಗಳು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸುವ ಸಾಧ್ಯತೆಯಿದೆ.

1989ರಲ್ಲಿ ಅಂಗೀಕೃತವಾಗಿ 1992ರಲ್ಲಿ ಜಾರಿಗೆ ಬಂದ ಬಾಸೆಲ್ ಒಪ್ಪಂದದ ಪ್ರಕಾರ ಅಂತಹ ತ್ಯಾಜ್ಯದ ರವಾನೆಗೆ ಆಮದು ರಾಷ್ಟ್ರದ ಲಿಖಿತ ಪೂರ್ವಸಮ್ಮತಿ ಕಡ್ಡಾಯ. ಭಾರತದಲ್ಲಿ 2016ರ ನಿಯಮಗಳನ್ವಯ ಕೇಂದ್ರ ಪರಿಸರ ಸಚಿವಾಲಯದ ಅನುಮತಿಯೂ ಬೇಕು. ರಫ್ತುದಾರನ ತಪ್ಪಿನಿಂದ ಅಕ್ರಮವಾಗಿ ಸಾಗಿದ ಸರಕನ್ನು, ಮಾಹಿತಿ ತಲುಪಿದ 30 ದಿನಗಳೊಳಗೆ ಹಿಂದಕ್ಕೆ ತರಿಸಿಕೊಳ್ಳಬೇಕೆಂಬುದು ಒಪ್ಪಂದದ ಸಾಮಾನ್ಯ ನಿಯಮ.

ಗುಜರಾತಿನ ಅಲಂಗ್‌ಗೆ ಹೊರಟಿದ್ದ ಫ್ರಾನ್ಸ್‌ನ ಕ್ಲೆಮಾನ್ಸೊ ನೌಕೆ ಕಲ್ನಾರಿನ ವಿವಾದದಿಂದಾಗಿ 2006ರಲ್ಲಿ ಅರ್ಧದಾರಿಯಿಂದಲೇ ಮರಳಿತ್ತು. ಆದ್ದರಿಂದ ಯಂತ್ರವನ್ನು ಶುಚಿಗೊಳಿಸಿ, ಶಿಪ್ಪಿಂಗ್ ಬಿಲ್, ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿಗಳಲ್ಲಿ ಅದರ ನಿಜಸ್ಥಿತಿಯನ್ನೇ ನಮೂದಿಸಿದ ಬಳಿಕವೇ ಕಂಟೇನರ್‌ಗೆ ಏರಿಸುವುದು ಕ್ಷೇಮ.